ಮರದ ಅಚ್ಚಿನ ಸ್ಪೆಕುಲಾಸ್ ಬಿಸ್ಕತ್ತು ಮೂರು ಸಲವೂ ಕೆಟ್ಟಿತು, ಎಲ್ಲಿ ತಪ್ಪುತ್ತಿದೆ?

ಹಾಸನದವಳು_ಆಮ್ಸ್ಟೆಲ್‌ವೀನ್

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಆರು ವರ್ಷದಿಂದ ನೆದರ್ಲೆಂಡ್ಸ್‌ನ ಆಮ್ಸ್ಟೆಲ್‌ವೀನ್‌ನಲ್ಲಿದ್ದೇನೆ. ಇಲ್ಲಿ ಡಿಸೆಂಬರ್ 5ರ ಸಂಜೆ ಸಿಂಟರ್‌ಕ್ಲಾಸ್ ಹಬ್ಬ. ಸಣ್ಣ ಮಕ್ಕಳಿಗೆ ಇದರ ಮುಂದೆ ಕ್ರಿಸ್‌ಮಸ್ ಏನೂ ಅಲ್ಲ. ನವೆಂಬರ್ ಮಧ್ಯದಲ್ಲಿ ಸಿಂಟರ್‌ಕ್ಲಾಸ್ ಅಜ್ಜ ಸ್ಪೇನ್‌ನಿಂದ ಹಡಗಿನಲ್ಲಿ ಬಂದಿಳಿಯುತ್ತಾರೆ, ಅವತ್ತಿನಿಂದ ಮಕ್ಕಳು ರಾತ್ರಿ ಶೂ ಇಟ್ಟು, ಅದರಲ್ಲಿ ಅಜ್ಜನ ಕುದುರೆಗೆ ಒಂದು ಕ್ಯಾರೆಟ್ ಇಟ್ಟು, ಹಾಡು ಹೇಳಿ ಮಲಗುತ್ತಾರೆ. ಬೆಳಗ್ಗೆ ಶೂ ಒಳಗೆ ಬಿಸ್ಕತ್ತೋ ಚಾಕೊಲೇಟೋ ಇರುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಹೋದ ತಿಂಗಳು ಮನೆ ಖಾಲಿ ಮಾಡುವಾಗ ಅವರ ಅಮ್ಮನ ಕಾಲದ ಒಂದು ಮರದ ಅಚ್ಚನ್ನು ನನ್ನ ಮಗಳ ಕೈಗೆ ಕೊಟ್ಟರು. ಸುಮಾರು ಒಂದು ಗೇಣು ಉದ್ದ, ಕಪ್ಪಗಾಗಿದೆ, ಮಧ್ಯೆ ಗಾಳಿಗಿರಣಿ ಕೊರೆದಿದ್ದಾರೆ. ಗಿರಣಿಯ ರೆಕ್ಕೆಯ ಮೇಲೆ ಎಳೆ ಎಳೆಯಾಗಿ ಜಾಲರಿ, ಕೆಳಗೆ ಒಂದು ಪುಟ್ಟ ಬಾಗಿಲು ಕೂಡ ಇದೆ. ಇದರಲ್ಲಿ ಸ್ಪೆಕುಲಾಸ್ ಮಾಡಿ ತೋರಿಸುತ್ತೇನೆ ಎಂದು ಅಜ್ಜಿಗೆ ಮಾತು ಕೊಟ್ಟಿದ್ದೇನೆ. ಅವರು ಡಿಸೆಂಬರ್‌ನಲ್ಲಿ ಮಗಳ ಊರಿಗೆ ಹೋಗುತ್ತಾರೆ, ಅಷ್ಟರೊಳಗೆ ಆಗಬೇಕು.

ಮೂರು ಸಲ ಮಾಡಿದೆ. ಮೊದಲ ಸಲ ಹಿಟ್ಟು ಅಚ್ಚಿಗೇ ಅಂಟಿಕೊಂಡಿತು, ಟೂತ್‌ಪಿಕ್‌ನಲ್ಲಿ ಕೆದಕಿ ತೆಗೆಯಬೇಕಾಯಿತು. ಎರಡನೇ ಸಲ ಹೇಗೋ ಬಿಡಿಸಿದೆ, ಆದರೆ ಓವನ್‌ನಲ್ಲಿ ಉಬ್ಬಿ ಗಿರಣಿಯ ರೆಕ್ಕೆ, ಬಾಗಿಲು ಎಲ್ಲ ಮಾಯ. ಮೂರನೇ ಸಲ ರುಚಿಯೇ ಕೆಟ್ಟಿತು. ಕಹಿ, ನಾಲಿಗೆ ಜುಮ್ ಅನ್ನುತ್ತದೆ, ಮಗಳು ಉಗುಳಿಬಿಟ್ಟಳು.

ಹಾಕಿದ್ದು ಇಷ್ಟು: ಸೆಲ್ಫ್ ರೈಸಿಂಗ್ ಹಿಟ್ಟು 250 ಗ್ರಾಂ, ಇಲ್ಲಿ ಸಿಗುವ ಗಾಢ ಕಂದು ಸಕ್ಕರೆ 125 ಗ್ರಾಂ, ಬೆಣ್ಣೆ 100 ಗ್ರಾಂ, ಚಿಟಿಕೆ ಉಪ್ಪು, ಸ್ವಲ್ಪ ಹಾಲು. ಮಸಾಲೆ ಮಾತ್ರ ಊರಿನಿಂದ ತಂದದ್ದು. ಚಕ್ಕೆ, ಲವಂಗ, ಜಾಯಿಕಾಯಿ, ಏಲಕ್ಕಿ ಎಲ್ಲ ಹುರಿದು ಮನೆಯಲ್ಲೇ ಪುಡಿ ಮಾಡಿದೆ. ಅಚ್ಚನ್ನು ಪ್ರತಿ ಸಲವೂ ಸೋಪಿನಲ್ಲಿ ತೊಳೆದು, ಹಿಟ್ಟು ಒತ್ತುವ ಮೊದಲು ನೀರಿನಲ್ಲಿ ಅದ್ದಿದ್ದೆ. ಗೊತ್ತಿರುವವರು ದಯವಿಟ್ಟು ಹೇಳಿ.

ಶಿರಸಿ_ತೋಟದವಳು

ತಂಗಿ, ಕಹಿ ಬಂದದ್ದು ಎಲ್ಲಿಂದ ಅಂತ ನಾನು ಹೇಳಬಲ್ಲೆ. ಲವಂಗ ಎಷ್ಟು ಹಾಕಿದ್ದೆ? ನಾಲಿಗೆ ಜುಮ್ ಅಂದರೆ ಅದು ಲವಂಗದ ಕೆಲಸವೇ. ನಮ್ಮ ಅಡಿಕೆ ತೋಟದಲ್ಲಿ ಜಾಯಿಕಾಯಿ ಮರ ಇದೆ, ಲವಂಗವೂ ಸ್ವಲ್ಪ ಇದೆ. ಮನೆಯಲ್ಲಿ ಒಣಗಿಸಿದ ಲವಂಗದ ಒಂದು ಚಮಚ ಪುಡಿ ಅಂಗಡಿ ಪ್ಯಾಕೆಟ್ಟಿನ ಎರಡು ಚಮಚಕ್ಕೆ ಸಮ. ಜಾಯಿಕಾಯಿಯೂ ಹಾಗೆಯೇ. ಆಗಲೇ ತುರಿದು ಹಾಕಿದರೆ ಘಾಟು ಜಾಸ್ತಿ.

ಇನ್ನೊಂದು, ಹುರಿದದ್ದು ಯಾಕೆ? ಸಾರಿನ ಪುಡಿಗೆ ಹುರಿಯುವುದು ಸರಿ, ಅದು ಬೇರೆ ರುಚಿ. ಬಿಸ್ಕತ್ತಿಗೆ ಹಸಿ ಮಸಾಲೆಯನ್ನೇ ಬಿಸಿಲಿನಲ್ಲಿ ಗರಿಗರಿ ಮಾಡಿಕೊಂಡು ಪುಡಿ ಮಾಡಬೇಕು. ಹೇಗೂ ಓವನ್‌ನಲ್ಲಿ ಇನ್ನೊಮ್ಮೆ ಬಿಸಿ ತಾಗುತ್ತದಲ್ಲ. ಪುಡಿಯನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿ, ತರಿ ಇದ್ದರೆ ಮಗುವಿನ ಬಾಯಿಗೆ ಸಿಕ್ಕಿ ಕಹಿ ಅನ್ನಿಸುತ್ತದೆ.

ಬೆಣ್ಣೆ_ಬಿಸ್ಕತ್ತು

ಮೇಡಂ, ನಾನು ನಾಲ್ಕು ವರ್ಷ ಯುಟ್ರೆಕ್ಟ್‌ನ ಒಂದು ಸಣ್ಣ ಬೇಕರಿಯಲ್ಲಿ ಕೆಲಸ ಮಾಡಿದ್ದೇನೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ನನ್ನ ಕೈ ಮಸಾಲೆ ವಾಸನೆ ಬಿಟ್ಟದ್ದೇ ಇಲ್ಲ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಅಚ್ಚಿನ ಸ್ಪೆಕುಲಾಸ್ ಅಂದರೆ ನನಗೆ ಅಷ್ಟು ಪ್ರೀತಿ.

ಮೊದಲು ಉಬ್ಬಿದ ವಿಷಯ. ನೀವು ಹಾಕಿದ ಅಳತೆ ಅಚ್ಚಿನ ಬಿಸ್ಕತ್ತಿನದಲ್ಲ, ಕ್ರೌದ್‌ನೋಟನ್‌ದು. ಗೋಲಿಯಷ್ಟು ದಪ್ಪದ ಗುಂಡು ಬಿಸ್ಕತ್ತು ಅದು. ಉಬ್ಬಿ ಹಗುರಾಗಬೇಕು, ಅದಕ್ಕೆ ಸೆಲ್ಫ್ ರೈಸಿಂಗ್ ಹಿಟ್ಟು. ಆ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಮೊದಲೇ ಬೆರೆತಿರುತ್ತದೆ. ಅಚ್ಚಿಗೆ ಅದೇ ಹಾಕಿದರೆ ಗೆರೆಗಳು ಒಳಗಿನಿಂದ ತಳ್ಳಿಸಿಕೊಂಡು ಮುಚ್ಚಿಹೋಗುತ್ತವೆ. ನೀವು ಸಾದಾ ಮೈದಾ ತೆಗೆದುಕೊಳ್ಳಿ. ಪೂರ್ತಿ ಗಟ್ಟಿ ಬೇಡ ಅನ್ನಿಸಿದರೆ 250 ಗ್ರಾಂಗೆ ಕಾಲು ಟೀ ಚಮಚ ಬೇಕಿಂಗ್ ಪೌಡರ್ ಸಾಕು, ಅದಕ್ಕಿಂತ ಒಂದು ಚಿಟಿಕೆಯೂ ಜಾಸ್ತಿ ಬೇಡ.

ಅಚ್ಚನ್ನು ನೀರಿನಲ್ಲಿ ಅದ್ದಿದ್ದು ಯಾಕೆ ಅಂತ ನನಗೆ ಅರ್ಥವಾಯಿತು. ಸಂಕ್ರಾಂತಿ ಸಕ್ಕರೆ ಅಚ್ಚು ಅಲ್ವಾ? ನಮ್ಮ ಮನೆಯಲ್ಲೂ ಅಮ್ಮ ಮರದ ಅಚ್ಚನ್ನು ನೀರಿನಲ್ಲಿ ನೆನೆಸಿಟ್ಟು ಆಮೇಲೆ ಪಾಕ ಹಾಕುತ್ತಿದ್ದರು. ಸಕ್ಕರೆ ಪಾಕಕ್ಕೆ ಅದು ಸರಿ, ಒದ್ದೆ ಮರಕ್ಕೆ ಪಾಕ ಹಿಡಿಯುವುದಿಲ್ಲ. ಬೆಣ್ಣೆ, ಮೈದಾ ಕಲಸಿದ ಹಿಟ್ಟಿಗೆ ಇದು ಪೂರ್ತಿ ಉಲ್ಟಾ. ಮೈದಾ ನೀರು ಕಂಡರೆ ಅಂಟಾಗುತ್ತದೆ, ರೆಕ್ಕೆಯ ಸಂದಿಯಲ್ಲಿ ಗೋಂದಿನ ಹಾಗೆ ಕೂರುತ್ತದೆ. ಸೋಪು, ಬಿಸಿನೀರು ಎರಡೂ ಬೇಡ. ಮರದ ನಾರು ಎದ್ದು ಒರಟಾಗುತ್ತದೆ.

ಅಚ್ಚು ಒಣಗಿರಬೇಕು, ಒಳಗೆ ಅಕ್ಕಿ ಹಿಟ್ಟು ಉದುರಿಸಬೇಕು. ಹೌದು, ಅಕ್ಕಿ ಹಿಟ್ಟೇ. ಡಚ್ ಬೇಕರಿಯಲ್ಲೂ ಅದನ್ನೇ ಬಳಸುತ್ತೇವೆ. ಮೈದಾ ಉದುರಿಸಿದರೆ ಬೆಣ್ಣೆಯ ಜಿಡ್ಡು, ಹಾಲಿನ ತೇವ ಎಳೆದುಕೊಂಡು ಮೆತ್ತಿಕೊಳ್ಳುತ್ತದೆ, ಅಕ್ಕಿ ಹಿಟ್ಟು ಉದುರುದುರಾಗಿಯೇ ಇರುತ್ತದೆ. ಉದುರಿಸಿದ ಮೇಲೆ ಅಚ್ಚನ್ನು ಬೋರಲು ಹಾಕಿ ಒಂದು ಸಲ ಕುಟ್ಟಿ, ಹೆಚ್ಚಾದದ್ದು ಬಿದ್ದುಹೋಗಲಿ.

ಇನ್ನು ಹಿಟ್ಟು. ಮೈದಾ 250 ಗ್ರಾಂ, ಕಂದು ಸಕ್ಕರೆ 125, ಬೆಣ್ಣೆ 110, ಉಪ್ಪು ಚಿಟಿಕೆ, ಹಾಲು ಎರಡು ದೊಡ್ಡ ಚಮಚ, ಸಾಲದಿದ್ದರೆ ಇನ್ನೊಂದು. ಚಪಾತಿ ಹಿಟ್ಟಿನ ಹಾಗೆ ನಾದಬೇಡಿ. ಎಲ್ಲ ಕೂಡಿಕೊಂಡು ಉಂಡೆ ಆದರೆ ನಿಲ್ಲಿಸಿ, ನಾದಿದಷ್ಟೂ ಹಿಟ್ಟು ಓವನ್‌ನಲ್ಲಿ ಕುಗ್ಗಿ ಗಿರಣಿ ಸೊಟ್ಟಗಾಗುತ್ತದೆ. ಆಮೇಲೆ ಮುಚ್ಚಿ ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ಇದನ್ನು ಮಾತ್ರ ಬಿಡಬೇಡಿ. ಒಂದು ಗಂಟೆ ಇಟ್ಟ ಹಿಟ್ಟಿಗೂ ರಾತ್ರಿಯಿಡೀ ಇಟ್ಟ ಹಿಟ್ಟಿಗೂ ಇರುವ ವ್ಯತ್ಯಾಸ ನಾನು ದಿನಾ ನೋಡಿದ್ದೇನೆ. ಮಸಾಲೆಯ ಪರಿಮಳ ಬೆಣ್ಣೆಯೊಳಗೆ ಇಳಿಯುತ್ತದೆ, ಬೇರೆ ಬೇರೆಯಾಗಿ ಹೊಡೆಯುತ್ತಿದ್ದ ಲವಂಗ, ಮೆಣಸು, ಶುಂಠಿ ಒಂದಾಗುತ್ತವೆ.

ತಣ್ಣಗಿರುವಾಗಲೇ ಅಚ್ಚಿಗೆ ಹೆಬ್ಬೆರಳಿನಿಂದ ಮಧ್ಯದಿಂದ ಅಂಚಿಗೆ ಒತ್ತಿ, ಮೇಲೆ ಉಳಿದದ್ದನ್ನು ಬಿಗಿಯಾದ ದಾರದಿಂದಲೋ ತೆಳು ಚಾಕುವಿನಿಂದಲೋ ಕೊಯ್ದು ತೆಗೆಯಿರಿ. ಅಚ್ಚು ತಿರುಗಿಸಿ ಅದರ ಒಂದು ಅಂಚನ್ನು ಮೇಜಿಗೆ ಟಕ್ ಅಂತ ಹೊಡೆಯಿರಿ. ಮೆಲ್ಲಗೆ ಹತ್ತು ಸಲ ಬೇಡ, ಗಟ್ಟಿಯಾಗಿ ಎರಡೇ ಸಲ. ತಟ್ಟೆಗೆ ಹಾಕಿ ಮತ್ತೆ ಅರ್ಧ ಗಂಟೆ ಫ್ರಿಜ್, ಆಮೇಲೆ 170 ಡಿಗ್ರಿಯಲ್ಲಿ 18ರಿಂದ 20 ನಿಮಿಷ. ತೆಗೆಯುವಾಗ ಮಧ್ಯೆ ಸ್ವಲ್ಪ ಮೆತ್ತಗಿರುತ್ತದೆ, ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ, ಗಾಬರಿ ಬೇಡ.

ಮಸಾಲೆ ಅಳತೆ, ನಾನು ಬಳಸುವುದು: ಚಕ್ಕೆ ಪುಡಿ ನಾಲ್ಕು ಟೀ ಚಮಚ, ಲವಂಗ ಒಂದು, ಜಾಯಿಕಾಯಿ ಒಂದು, ಶುಂಠಿ ಪುಡಿ ಅರ್ಧ, ಏಲಕ್ಕಿ, ಕೊತ್ತಂಬರಿ ಬೀಜ, ಬಿಳಿ ಮೆಣಸು ಕಾಲು ಕಾಲು. ಇದನ್ನು ಡಬ್ಬಿಯಲ್ಲಿಟ್ಟು, ಮೇಲಿನ ಹಿಟ್ಟಿಗೆ ಮೂರು ಟೀ ಚಮಚ ಮಾತ್ರ. ಶಿರಸಿ ಅಕ್ಕ ಹೇಳಿದ ಹಾಗೆ ಊರಿನ ಲವಂಗವಾದರೆ ಅರ್ಧಕ್ಕಿಳಿಸಿ.

ಹಾಸನದವಳು_ಆಮ್ಸ್ಟೆಲ್‌ವೀನ್

ಸಕ್ಕರೆ ಅಚ್ಚು! ಹೌದು ಸರ್, ಅದೇ. ಅಮ್ಮ ನೆನೆಸುತ್ತಿದ್ದದ್ದು ನೋಡಿ ನೋಡಿ ಕೈಗೆ ಅದೇ ಅಭ್ಯಾಸ, ಯೋಚನೆಯೇ ಮಾಡಲಿಲ್ಲ. ಲವಂಗ ಚಕ್ಕೆಯಷ್ಟೇ ಹಾಕಿದ್ದೆ ಅಕ್ಕಾ, ಗರಂ ಮಸಾಲೆ ಲೆಕ್ಕದಲ್ಲಿ. ಬಿಳಿ ಮೆಣಸು ಹಾಕಿರಲೇ ಇಲ್ಲ. ಕರಿಮೆಣಸು ಆಗುತ್ತದಾ?

ಶಿರಸಿ_ತೋಟದವಳು

ಎರಡೂ ಒಂದೇ ಬಳ್ಳಿಯದು. ಕೆಂಪಾಗಿ ಹಣ್ಣಾದ ಮೆಣಸನ್ನು ನೀರಿನಲ್ಲಿ ಕೊಳೆಸಿ, ಸಿಪ್ಪೆ ಉಜ್ಜಿ ತೆಗೆದು ಒಣಗಿಸಿದರೆ ಅದೇ ಬಿಳಿ ಮೆಣಸು. ಸಿಪ್ಪೆಯಿಲ್ಲದ್ದರಿಂದ ಬಣ್ಣ ಎದ್ದು ಕಾಣುವುದಿಲ್ಲ, ಪರಿಮಳವೂ ಬೇರೆ. ಇಲ್ಲದಿದ್ದರೆ ಕರಿಮೆಣಸು ಹಾಕು, ಆದರೆ ಕಾಲು ಚಮಚಕ್ಕಿಂತ ಕಡಿಮೆ.

ದಾವಣಗೆರೆ_ಓವನ್

ನಾವು ಊರಿನಲ್ಲೇ ಇರುವವರು ಆ ಕಂದು ಸಕ್ಕರೆಗೆ ಏನು ಮಾಡುವುದು? ನಾನು ಹೋದ ವರ್ಷ ಬೆಲ್ಲದ ಪುಡಿ ಹಾಕಿ ಮಾಡಿದೆ. ಓವನ್‌ನಿಂದ ತೆಗೆದಾಗ ಗರಿಗರಿ, ವಾಸನೆ ಅಂತೂ ಇಡೀ ಬೀದಿಗೆ. ಮಾರನೇ ದಿನ ಮೆತ್ತಗೆ, ಎರಡನೇ ದಿನ ರೊಟ್ಟಿಯ ಹಾಗೆ ಬಾಗುತ್ತಿತ್ತು.

ಬೆಣ್ಣೆ_ಬಿಸ್ಕತ್ತು

ಬೆಲ್ಲ ಗಾಳಿಯ ತೇವ ಎಳೆಯುತ್ತದೆ ಸರ್, ಅದಕ್ಕೆ ಹಾಗಾದದ್ದು. ಡಚ್ಚರ ಬಾಸ್ಟರ್ಡ್ ಸಕ್ಕರೆ ಅಂದರೆ ತುಂಬಾ ಸಣ್ಣ ಕಾಳಿನ ಸಕ್ಕರೆ, ಅದಕ್ಕೆ ಸ್ವಲ್ಪ ಇನ್ವರ್ಟ್ ಸಿರಪ್ (ಹರಳಾಗದ ಸಕ್ಕರೆ ಪಾಕ) ಬೆರೆಸಿರುತ್ತಾರೆ, ಮುಟ್ಟಿದರೆ ಒದ್ದೆ ಮರಳಿನ ಹಾಗಿರುತ್ತದೆ. ಊರಿನಲ್ಲಿ ಮಾಡುವಾಗ ನಾನು 110 ಗ್ರಾಂ ಸಕ್ಕರೆಯನ್ನು ಮಿಕ್ಸಿಯಲ್ಲಿ ಪುಡಿ ಮಾಡಿ ಒಂದು ದೊಡ್ಡ ಚಮಚ ಜೋನಿ ಬೆಲ್ಲ ಕೈಯಲ್ಲೇ ಉಜ್ಜಿ ಬೆರೆಸುತ್ತೇನೆ. ಹತ್ತಿರ ಹತ್ತಿರ ಅದೇ ಬಣ್ಣ, ಅದೇ ಹದ. ಹಾಲು ಒಂದು ಚಮಚ ಕಡಿಮೆ ಮಾಡಿ. ಮೆತ್ತಗಾದ ಬಿಸ್ಕತ್ತನ್ನು ಎಸೆಯಬೇಡಿ, 140 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು ಪೂರ್ತಿ ಆರಿದ ಮೇಲೆ ಸ್ಟೀಲ್ ಡಬ್ಬಿಗೆ ಹಾಕಿ.

ಸಣ್ಣ ಓಟಿಜಿ ಆದರೆ ಮೇಲಿನ ಕಾಯಿಲ್ ಹತ್ತಿರ ಇಡಬೇಡಿ. ಗೆರೆಗಳ ತುದಿ ಮೊದಲು ಕಪ್ಪಾಗುತ್ತದೆ.

ಹುಬ್ಬಳ್ಳಿ_ಅಡಿಗಿಮನಿ

ನಮಸ್ಕಾರ್ರೀ ಎಲ್ಲಾರಿಗೂ. ಇದಕ್ಕ ತತ್ತಿ ಹಾಕೂದಿಲ್ಲೇನು? ನಮ್ಮ ಅತ್ತಿಯವರು ತತ್ತಿ ಹಾಕಿದ್ದು ಮುಟ್ಟೂದಿಲ್ಲ, ಅದಕ್ಕ ಬೇಕರಿ ಬಿಸ್ಕಿಟ್ ಒಂದೂ ತಿನ್ನೂದಿಲ್ಲ.

ಬೆಣ್ಣೆ_ಬಿಸ್ಕತ್ತು

ಇಲ್ಲ ಅಕ್ಕಾವರೆ, ಅಚ್ಚಿನ ಸ್ಪೆಕುಲಾಸ್‌ಗೂ ಕ್ರೌದ್‌ನೋಟನ್‌ಗೂ ಸಾಮಾನ್ಯವಾಗಿ ಮೊಟ್ಟೆ ಬೇಕಿಲ್ಲ. ಹಾಲು, ಬೆಣ್ಣೆ ಅಷ್ಟೇ. ಒಳಗೆ ಬಾದಾಮಿ ಹೂರಣ ತುಂಬಿದ ಸ್ಪೆಕುಲಾಸ್ ಒಂದಿದೆ, ಅದರ ಹೂರಣಕ್ಕೆ ಮೊಟ್ಟೆ ಹಾಕುತ್ತಾರೆ, ಮೇಲೂ ಹಚ್ಚುತ್ತಾರೆ. ಮನೆಯಲ್ಲಾದರೆ ಬಾದಾಮಿ, ಸಕ್ಕರೆ, ನಿಂಬೆ ಸಿಪ್ಪೆಯ ತುರಿ ಅರೆದು ಸ್ವಲ್ಪ ಹಾಲಿನಲ್ಲಿ ಕಲಸಿದರೂ ಆಗುತ್ತದೆ. ಅತ್ತೆಯವರಿಗೆ ಧೈರ್ಯವಾಗಿ ಕೊಡಿ.

ಕಾಫಿ_ಜೊತೆಗೆ

ಇದೂ ಬಿಸ್ಕಾಫ್ ಅನ್ನುವುದೂ ಒಂದೇ ಅಲ್ವಾ? ಸುಮ್ನೆ ಕೇಳಿದೆ, ರುಚಿ ಹಾಗೆಯೇ ಅನ್ನಿಸಿತು.

ಐಂಡ್‌ಹೋವನ್_ಕನ್ನಡಿಗ

ಸಂಬಂಧಿಕರು, ಆದರೆ ಒಂದೇ ಅಲ್ಲ. ಬಿಸ್ಕಾಫ್ ಬೆಲ್ಜಿಯಂನ ಲೋಟಸ್ ಕಂಪನಿಯದು, 1932ರಲ್ಲಿ ಲೆಂಬೇಕ ಎಂಬ ಊರಿನಲ್ಲಿ ಶುರುವಾದದ್ದು. ಬಿಸ್ಕಿಟ್, ಕಾಫಿ ಎರಡೂ ಸೇರಿಸಿ ಆ ಹೆಸರು. ಬೆಲ್ಜಿಯಂನವರು ಸ್ಪೆಕುಲೋಸ್ ಅನ್ನುತ್ತಾರೆ. ಅದರಲ್ಲಿ ಸುಟ್ಟ ಸಕ್ಕರೆಯ ರುಚಿ ಮುಂದೆ, ಮಸಾಲೆ ಅಂದರೆ ಹೆಚ್ಚೂಕಡಿಮೆ ಚಕ್ಕೆ ಒಂದೇ. ಡಚ್ಚರ ಸ್ಪೆಕುಲಾಸ್‌ನಲ್ಲಿ ಮಸಾಲೆಯೇ ಮುಂದೆ.

ಇನ್ನೂ ಎರಡು ಇವೆ. ನಮಗೆ ಇಲ್ಲಿಗೆ ಬಂದ ಹೊಸತರಲ್ಲಿ ಎಲ್ಲ ಒಂದೇ ಅನ್ನಿಸುತ್ತದೆ. ಪೇಪರ್‌ನೋಟನ್ ಅಂತ, ಪೇಪರ್ ಅಂದರೆ ಡಚ್ಚರಲ್ಲಿ ಮೆಣಸು. ನಿಜವಾದದ್ದು ರೈ ಹಿಟ್ಟು, ಜೇನು, ಸೋಂಪಿನ ಜಾತಿಯ ಆನೀಸ್ ಹಾಕಿ ಮಾಡಿದ, ಜಗಿಯಬೇಕಾದ ಸೊಟ್ಟಪಟ್ಟ ತುಂಡು. ಈಗ ಜನ ಗುಂಡು ಕ್ರೌದ್‌ನೋಟನ್‌ಗೂ ಪೇಪರ್‌ನೋಟನ್ ಅಂತಲೇ ಹೇಳುತ್ತಾರೆ. ತಾಯ್‌ತಾಯ್ ಅಂತ ಇನ್ನೊಂದು, ಇನ್ನೂ ಜಿಗುಟು, ಮನುಷ್ಯರ ಆಕಾರದಲ್ಲಿ ಮಾಡುತ್ತಾರೆ. ಸೂಪರ್ ಮಾರ್ಕೆಟ್‌ಗೆ ಕ್ರೌದ್‌ನೋಟನ್ ಆಗಸ್ಟ್ ಕೊನೆಗೇ ಬಂದುಬಿಡುತ್ತದೆ. ಇಷ್ಟು ಬೇಗ ಯಾಕೆ ಅಂತ ಪ್ರತಿ ವರ್ಷ ಆಫೀಸಿನಲ್ಲಿ ಅದೇ ಚರ್ಚೆ.

ನನಗೆ ತುಂಬಾ ಇಷ್ಟವಾದದ್ದು 5ರ ಸಂಜೆ. ಬಾಗಿಲು ಜೋರಾಗಿ ಬಡಿಯುತ್ತದೆ, ಒಂದು ಕೈ ಮಾತ್ರ ಒಳಗೆ ಬಂದು ಹಿಡಿ ಹಿಡಿ ಕ್ರೌದ್‌ನೋಟನ್ ನೆಲಕ್ಕೆ ಚೆಲ್ಲುತ್ತದೆ, ಮಕ್ಕಳು ಬಿದ್ದು ಎದ್ದು ಆಯುತ್ತಾರೆ. ಆ ಕೈ ಪಕ್ಕದ ಮನೆಯವರದು.

ಓದುಗ_ಮೈಸೂರು

ಆ ಹಬ್ಬದಲ್ಲಿ ಮುಖಕ್ಕೆ ಕಪ್ಪು ಬಳಿದುಕೊಳ್ಳುತ್ತಾರಂತಲ್ಲ? ಅದು ಸರಿಯಾ?

ಹಾಸನದವಳು_ಆಮ್ಸ್ಟೆಲ್‌ವೀನ್

ಸರಿ ಅಲ್ಲ ಸರ್. ಸಿಂಟರ್‌ಕ್ಲಾಸ್‌ನ ಸಹಾಯಕರಿಗೆ ಪೀಟ್ ಅನ್ನುತ್ತಾರೆ. ಹಿಂದೆ ಬಿಳಿಯರು ಮುಖಕ್ಕೆ ಕಪ್ಪು, ತುಟಿಗೆ ಕೆಂಪು ಬಳಿದುಕೊಂಡು ಆ ವೇಷ ಹಾಕುತ್ತಿದ್ದರು. 2011ರಿಂದ ಪ್ರತಿಭಟನೆ ಜೋರಾಯಿತು, ವರ್ಷಗಟ್ಟಲೆ ದೇಶವೆಲ್ಲ ಜಗಳ. ಈಗ ಹೆಚ್ಚಿನ ಕಡೆ ಚಿಮಣಿಯ ಮಸಿ ತಾಗಿದ ಹಾಗೆ ಕೆನ್ನೆಗೆ ಎರಡು ಗೆರೆ ಅಷ್ಟೇ. ನನ್ನ ಮಗಳ ಕ್ಲಾಸಿನಲ್ಲಿ ಹಿಂದೆ ಡಚ್ಚರ ವಸಾಹತಾಗಿದ್ದ ಸುರಿನಾಮ್ ಮೂಲದ ಮಕ್ಕಳಿದ್ದಾರೆ. ಅವರೂ ಖುಷಿಯಾಗಿ ಹಾಡುವುದನ್ನು ನೋಡಿದರೆ ಬದಲಾದದ್ದು ಎಷ್ಟು ಒಳ್ಳೆಯದಾಯಿತು ಅನ್ನಿಸುತ್ತದೆ.

ಬಸ್ರೂರು_ಮೇಷ್ಟ್ರು

ಬಿಸ್ಕತ್ತಿನ ಮಾತಿನ ನಡುವೆ ಇತಿಹಾಸ ತರುತ್ತಿದ್ದೇನೆ, ಆದರೆ ಆ ಮಸಾಲೆ ಪಟ್ಟಿ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮಸಾಲೆ ಹಾಕಿದ ಬಿಸ್ಕತ್ತು ಯುರೋಪಿನಲ್ಲಿ ಹಳೆಯದೇ. ಆದರೆ ಡಚ್ಚರ ಅಡುಗೆಮನೆಗೆ ಇಷ್ಟು ಧಾರಾಳವಾಗಿ ಇವು ಬಂದದ್ದು 1602ರಲ್ಲಿ ಅವರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿದ ಮೇಲೆ. ಚಕ್ಕೆಗಾಗಿ ಸಿಲೋನ್ ಹಿಡಿದರು, 1656ರಲ್ಲಿ ಕೊಲಂಬೊ ಅವರ ಕೈಗೆ ಬಂತು. ಮೆಣಸಿಗಾಗಿ 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಕಸಿದುಕೊಂಡರು. ನಮ್ಮ ಬಸ್ರೂರಿನಲ್ಲೂ ಆ ಶತಮಾನದಲ್ಲಿ ಅವರ ವ್ಯಾಪಾರದ ಕೋಠಿ ಇತ್ತು, ಕೆಳದಿ ನಾಯಕರ ಕಾಲ. ಇಲ್ಲಿಂದ ಅಕ್ಕಿ, ಮೆಣಸು ಹಡಗು ಹತ್ತುತ್ತಿತ್ತು.

ಜಾಯಿಕಾಯಿಯ ಕಥೆ ಮಾತ್ರ ಹೇಳಲು ಕಷ್ಟ. ಆಗ ಅದು ಬೆಳೆಯುತ್ತಿದ್ದದ್ದು ಇಂಡೋನೇಷ್ಯಾದ ಪುಟ್ಟ ಬಾಂಡಾ ದ್ವೀಪಗಳಲ್ಲಿ. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ಎಂಬ ಗವರ್ನರ್ ಜನರಲ್ ಸೈನ್ಯ ತಂದು ಆ ದ್ವೀಪದ ಜನರನ್ನು ಕೊಲ್ಲಿಸಿದ. ಉಳಿದವರಲ್ಲಿ ಬಹಳ ಮಂದಿ ಹಸಿವಿನಿಂದ ಸತ್ತರು, ಕೆಲವರು ಗುಲಾಮರಾಗಿ ಹೋದರು. ತೋಟಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದು ಹಾಕಿದರು. ಜಾಯಿಕಾಯಿ ತುರಿಯುವಾಗಲೆಲ್ಲ ನನಗೆ ಬಾಂಡಾ ನೆನಪಾಗುತ್ತದೆ. ಬಿಸ್ಕತ್ತು ತಿನ್ನಬೇಡಿ ಎಂದು ಹೇಳುತ್ತಿಲ್ಲ. ಮಕ್ಕಳಿಗೆ ಮಾಡಿಕೊಡುವಾಗ ಇದನ್ನೂ ಹೇಳಿ ಎಂದಷ್ಟೇ ನನ್ನ ಕೋರಿಕೆ.

ಐಂಡ್‌ಹೋವನ್_ಕನ್ನಡಿಗ

ಮೇಷ್ಟ್ರೇ, ಧನ್ಯವಾದ. ಕೂನ್‌ನ ಪ್ರತಿಮೆ ಅವನು ಹುಟ್ಟಿದ ಹೋರ್ನ್ ಊರಿನ ಚೌಕದಲ್ಲಿ ನಿಂತಿದೆ. ಅದನ್ನು ತೆಗೆಯಬೇಕು ಅಂತ ಇಲ್ಲಿನವರೇ ಬಹಳ ಮಂದಿ ಕೇಳುತ್ತಾ ಬಂದಿದ್ದಾರೆ.

ಕುಸ್ವಾರ್_ಮಂಗಳೂರು

ನಮ್ಮಲ್ಲಿ ಡಿಸೆಂಬರ್ ಬಂತು ಅಂದರೆ ಕುಸ್ವಾರ್, ಕ್ರಿಸ್‌ಮಸ್ ತಿಂಡಿಗಳು. ಕಿಡಿಯೊ, ನೆವ್ರಿ, ಗುಳಿಯೊ, ಕೊಕ್ಕಿಸಾಂ ಎಲ್ಲ ಮಾಡಿ ತಟ್ಟೆ ತುಂಬಿಸಿ ನೆರೆಮನೆಗೆ ಕೊಡುವುದು. ಹೋದ ಸಲ ಅದರ ಜೊತೆ ಒಂದು ಡಬ್ಬಿ ಕ್ರೌದ್‌ನೋಟನ್ ಮಾಡಿದೆ. ನಮ್ಮ ಮಾಮಿಗೆ ಎಷ್ಟು ಇಷ್ಟವಾಯಿತು ಅಂದರೆ ಈ ಸಲ ಅವರೇ ಮಸಾಲೆ ಅರೆದು ಇಟ್ಟಿದ್ದಾರೆ. ನನ್ನ ಅನುಭವ ಒಂದು: ಮಂಗಳೂರಿನ ಸೆಕೆಗೆ ಹಿಟ್ಟು ಕೈಯಲ್ಲಿ ಹಿಡಿದರೆ ಕರಗುತ್ತದೆ ಮಾರಾಯ್ರೆ. ಒಟ್ಟು ಹಿಟ್ಟನ್ನು ನಾಲ್ಕು ಪಾಲು ಮಾಡಿ, ಒಂದು ಹೊರಗೆ, ಮೂರು ಫ್ರಿಜ್ ಒಳಗೆ. ಹಾಗೆ ಮಾಡಿದ ಮೇಲೆ ಸರಿಯಾಯಿತು.

ದಾವಣಗೆರೆ_ಓವನ್

ಸ್ಪೆಕುಲಾಸ್ ಅಂದರೆ ಏನರ್ಥ?

ಬೆಣ್ಣೆ_ಬಿಸ್ಕತ್ತು

ಎರಡು ಮೂರು ಮಾತಿದೆ. ಲ್ಯಾಟಿನ್‌ನಲ್ಲಿ ಸ್ಪೆಕ್ಯುಲಮ್ ಅಂದರೆ ಕನ್ನಡಿ. ಅಚ್ಚಿನಲ್ಲಿ ಇರುವುದು ಬಿಸ್ಕತ್ತಿನಲ್ಲಿ ಕನ್ನಡಿಯ ಹಾಗೆ ತಿರುಗಿ ಮೂಡುತ್ತದೆ, ಅದಕ್ಕೆ ಆ ಹೆಸರು ಅಂತ ಕೆಲವರು. ಸ್ಪೆಕ್ಯುಲೇಟರ್ ಅಂದರೆ ಮೇಲ್ವಿಚಾರಕ, ಬಿಷಪ್‌ಗೆ ಹೇಳುವ ಮಾತು, ಸಂತ ನಿಕೊಲಾಸ್, ಅಂದರೆ ಸಿಂಟರ್‌ಕ್ಲಾಸ್, ಬಿಷಪ್ ಆಗಿದ್ದರಿಂದ ಅಂತ ಇನ್ನು ಕೆಲವರು. ನನಗೆ ಕನ್ನಡಿಯ ಮಾತೇ ಇಷ್ಟ. ದಿನಾ ಅಚ್ಚು ಹಿಡಿದವನಿಗೆ ಅದೇ ಸರಿ ಅನ್ನಿಸುತ್ತದೆ.

ಹಾಸನದವಳು_ಆಮ್ಸ್ಟೆಲ್‌ವೀನ್

ಬಂತು! ಬಂತು!

ಅಚ್ಚನ್ನು ನಾಲ್ಕು ದಿನ ಹೀಟರ್‌ನಿಂದ ದೂರ, ಕಿಟಕಿ ಹತ್ತಿರ ಒಣಗಿಸಿದೆ. ಸಂದಿಯಲ್ಲಿ ಉಳಿದಿದ್ದ ಹಳೆಯ ಹಿಟ್ಟನ್ನು ಮೆತ್ತನೆಯ ಹೊಸ ಟೂತ್‌ಬ್ರಷ್‌ನಲ್ಲಿ ಒಣಗಿದ ಹಾಗೆಯೇ ಉಜ್ಜಿ ತೆಗೆದೆ. ಮಸಾಲೆ ಹುರಿಯಲಿಲ್ಲ, ಲವಂಗ ಅರ್ಧ ಚಮಚ. ಹಿಟ್ಟು ಕಲಸಿ ಶುಕ್ರವಾರ ರಾತ್ರಿ ಫ್ರಿಜ್‌ಗೆ ಇಟ್ಟೆ. ಬೆಳಗ್ಗೆ ಮುಚ್ಚಳ ತೆಗೆದಾಗ ಬಂದ ವಾಸನೆಗೆ ಗಂಡ ಮಹಡಿಯಿಂದ ಕೆಳಗಿಳಿದು ಬಂದರು. ಲವಂಗ ಯಾವುದು ಚಕ್ಕೆ ಯಾವುದು ಅಂತ ಬೇರೆ ಮಾಡಿ ಹೇಳಲು ಆಗದ ಹಾಗೆ ಒಂದಾಗಿತ್ತು.

ಅಕ್ಕಿ ಹಿಟ್ಟು ಉದುರಿಸಿ ಕುಟ್ಟಿದೆ. ಹಿಟ್ಟು ಒತ್ತಿ, ಹೊಲಿಯುವ ದಾರ ಎರಡೂ ಕೈಗೆ ಸುತ್ತಿಕೊಂಡು ಮೇಲಿನದನ್ನು ಕೊಯ್ದೆ. ತಿರುಗಿಸಿ ಮೇಜಿಗೆ ಒಂದು ಸಲ ಹೊಡೆದೆ, ಬೀಳಲಿಲ್ಲ. ಎರಡನೇ ಸಲ ಇನ್ನೂ ಗಟ್ಟಿಯಾಗಿ. ಪಟ್ ಅಂತ ಇಡೀ ಗಿರಣಿ ನನ್ನ ಅಂಗೈಗೆ ಬಿತ್ತು. ಜಾಲರಿಯ ಎಳೆ ಎಳೆಯಲ್ಲೂ ಬೆಳ್ಳಗೆ ಅಕ್ಕಿ ಹಿಟ್ಟು ಕೂತಿತ್ತು. ಬಾಗಿಲಿಗೆ ಒಂದು ಚಿಲಕ ಕೂಡ ಕೊರೆದಿದ್ದಾರೆ, ಅದು ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ!

ಹತ್ತೊಂಬತ್ತು ನಿಮಿಷ ಬೇಯಿಸಿದೆ. ಹನ್ನೊಂದು ಬಂದವು, ಒಂದರ ರೆಕ್ಕೆ ಮುರಿಯಿತು.

ಸಂಜೆ ಮಗಳ ಜೊತೆ ಅಜ್ಜಿಯ ಹೊಸ ಫ್ಲ್ಯಾಟ್‌ಗೆ ಹೋದೆವು. ಅವರು ತಿನ್ನುವ ಮೊದಲು ಕನ್ನಡಕ ತೆಗೆದು ಬಿಸ್ಕತ್ತನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದುಕೊಂಡರು. ಆಮೇಲೆ ಆ ಚಿಲಕದ ಮೇಲೆ ಬೆರಳಿಟ್ಟು, ಚಿಕ್ಕವಳಿದ್ದಾಗ ಅಮ್ಮ ಇದನ್ನು ಮೊದಲು ಕಚ್ಚಲು ನನಗೇ ಬಿಡುತ್ತಿದ್ದಳು ಅಂದರು. ಏಲಕ್ಕಿ ಅವರ ಮನೆಯದಕ್ಕಿಂತ ಸ್ವಲ್ಪ ಜಾಸ್ತಿ ಅಂತ ಹೇಳಿದರು, ಆದರೆ ಎರಡು ತಿಂದರು.

ಶಿರಸಿ_ತೋಟದವಳು

ಓದಿ ಕಣ್ಣು ತುಂಬಿತು ತಂಗಿ. ಊರಿಗೆ ಬಂದಾಗ ವಿಳಾಸ ಕೇಳು, ನಮ್ಮ ಮರದ ಜಾಯಿಕಾಯಿ ಕೊಡುತ್ತೇನೆ. ಜಾಪತ್ರೆಯನ್ನೂ ಚೂರು ಹಾಕಿ ನೋಡು.

ಬೆಣ್ಣೆ_ಬಿಸ್ಕತ್ತು

ತುಂಬಾ ಖುಷಿಯಾಯಿತು ಮೇಡಂ. ಇನ್ನು ಅಚ್ಚನ್ನು ಬ್ರಷ್‌ನಿಂದ ಮಾತ್ರ ಸ್ವಚ್ಛ ಮಾಡಿ, ಬಟ್ಟೆಯಲ್ಲಿ ಸುತ್ತಿ ಇಡಿ, ಪ್ಲಾಸ್ಟಿಕ್ ಬೇಡ. ಎಣ್ಣೆಯನ್ನೂ ಹಚ್ಚಬೇಡಿ, ಮುಂದಿನ ವರ್ಷದ ಹೊತ್ತಿಗೆ ಕಮಟು ವಾಸನೆ ಬರುತ್ತದೆ.

ಹಾಸನದವಳು_ಆಮ್ಸ್ಟೆಲ್‌ವೀನ್

ಸರಿ ಸರ್, ಅಮ್ಮನ ಹಳೆಯ ಕಾಟನ್ ಸೀರೆಯ ತುಂಡಿದೆ, ಅದರಲ್ಲೇ ಸುತ್ತುತ್ತೇನೆ. ಅಕ್ಕಾ, ಜಾಪತ್ರೆ ಇಲ್ಲಿಯ ತೋಕೊ ಅನ್ನುವ ಏಷ್ಯಾ ದಿನಸಿ ಅಂಗಡಿಯಲ್ಲಿ ನೋಡಿದ್ದೇನೆ, ತರುತ್ತೇನೆ. ಮುರಿದ ರೆಕ್ಕೆಯ ಗಿರಣಿ ಇವತ್ತು ರಾತ್ರಿ ಮಗಳ ಶೂ ಒಳಗೆ ಹೋಗುತ್ತದೆ. ಕ್ಯಾರೆಟ್ ಮುಗಿದಿದೆ, ಅಂಗಡಿ ಮುಚ್ಚುವುದರೊಳಗೆ ಓಡಬೇಕು.